ದಾಕ್ಷಿಯ ಜೋಪಾನ

ಅಜ್ಜಂಪುರ
೮-೬-೧೯೭೮

ತಂಗಿ ಕಾಶಮ್ಮನಿಗೆ ಅಕ್ಕ ವಿಶಾಲಾಕ್ಷಿಯ ಆಶೀರ್ವಾದ.

ಈ ಕಾಗದ ನಿನ್ನ ಯಜಮಾನರ ಜೇಬಿನಲ್ಲಿ, ನನ್ನ ಮಗಳು ದಾಕ್ಷಿಯ ಜೊತೆಗೇ ಕಡೂರಿಗೆ ಬರುತ್ತಿದೆ. ಜೇಬಿನಲ್ಲೇ ಉಳಿದು ಒಗೆಯುವ ಬಟ್ಟೆಗೆ ಹೋಗದಿದ್ದರೆ ನನ್ನ ಪುಣ್ಯ. ದೇವೀರಪ್ಪನವರ ಮರೆವು ನನಗೆ ಗೊತ್ತಿಲ್ಲವೇ!

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ತರೀಕೆರೆಯ ಡಾಕ್ಟರಮ್ಮ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟರು. "ನೋಡಿ ವಿಶಾಲಾಕ್ಷಮ್ಮ, ಹಿಂದಿನ ಎರಡೂ ನಿಲ್ಲಲಿಲ್ಲ. ಇದು ನಿಲ್ಬೇಕು ಅಂದ್ರೆ ಹೆರಿಗೆ ಆಗೋ ತನಕ ನೀವು ಹಾಸಿಗೆ ಬಿಟ್ಟು ಏಳ್ಕೂಡ್ದು." ಏಳದೇ ಇರುವುದು ಹೇಗೆ, ನೀನೇ ಹೇಳು. ದಾಕ್ಷಿ ಮನೆಯಲ್ಲಿದ್ದರೆ ಅವಳು ಬಿಸಾಡಿದ್ದನ್ನು ಎತ್ತಿಡುವುದಕ್ಕೇ ನಾನು ನೂರು ಸಲ ಏಳಬೇಕು. ನಮ್ಮತ್ತೆ ಕರಿಬಸಮ್ಮನವರಿಗೆ ಕಣ್ಣಿಗೆ ಪೊರೆ ಬಂದಿದೆ. ಇವರಿಗೆ ಫ್ಲೋರ್ ಮಿಲ್ಲು ಬಿಟ್ಟರೆ ಬೇರೆ ಲೋಕವಿಲ್ಲ. ಅದಕ್ಕೇ ಈ ವರ್ಷ ನಿನ್ನ ಮನೆಯಲ್ಲಿದ್ದು ನಾಲ್ಕನೇ ಕ್ಲಾಸು ಓದಲಿ ಅಂತ ಕಳಿಸುತ್ತಿದ್ದೇನೆ.

ಟ್ರಂಕಿನಲ್ಲಿರುವ ಲಂಗ, ರವಿಕೆ, ಟವೆಲ್ಲು, ಪುಸ್ತಕದ ಚೀಲ, ಎಲ್ಲದರ ಮೂಲೆಯಲ್ಲೂ ಕೆಂಪು ದಾರದಲ್ಲಿ 'ದಾ' ಅಂತ ಹೊಲಿದಿದ್ದೇನೆ. ಕೊಡೆ ಹೊಸದು. ನಮ್ಮ ಮನೆಯಲ್ಲಿ ಒಂದೇ ಕಾನೂನು, ಅದನ್ನು ನೀನೂ ಪಾಲಿಸಬೇಕು. ಏನಾದರೂ ಕಳೆದರೆ, ಅದನ್ನು ಹುಡುಕಿ ತರುವ ತನಕ ತಟ್ಟೆಯ ಮುಂದೆ ಕೂರುವಂತಿಲ್ಲ. ಅದು ಪೆನ್ಸಿಲ್ಲಾಗಲಿ, ರಿಬ್ಬನ್ನಾಗಲಿ. ನಾನು ಹೊಡೆಯುವುದಿಲ್ಲ, ಬೈಯುವುದಿಲ್ಲ. ಹೊಟ್ಟೆ ಹಸಿದರೆ ಅವಳ ಕಣ್ಣು ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಇನ್ನೊಂದು. ಯುಗಾದಿ ಕಳೆದ ಮೇಲೆ ಮಠದ ಅಯ್ಯನವರು ಬಂದು ಅವಳಿಗೆ ಲಿಂಗ ಕಟ್ಟಿದರಲ್ಲ, ಲಿಂಗ ಇಟ್ಟಿರುವ ಆ ಬೆಳ್ಳಿ ಕರಡಿಗೆ ನಮ್ಮವ್ವನದು. ಅದನ್ನು ಕತ್ತಿಗೆ ಕಟ್ಟಿದ ಶಿವದಾರ ಸವೆದಿದೆಯೇ ಅಂತ ಆಗಾಗ ನೋಡು. ಅದೊಂದು ಕಳೆದರೆ ನಾನು ಈ ಹಾಸಿಗೆಯಲ್ಲೇ ಸತ್ತುಹೋಗುತ್ತೇನೆ ಅಂತ ಅವಳಿಗೂ ಹೇಳಿದ್ದೇನೆ.

ನಿನ್ನ ಅಕ್ಕ,
ವಿಶಾಲಾಕ್ಷಿ


ಕಡೂರು
೧೪-೬-೧೯೭೮

ಅಕ್ಕನಿಗೆ ಕಾಶಿಯ ನಮಸ್ಕಾರ.

ಕಾಗದ ಒಗೆಯುವ ಬಟ್ಟೆಗೆ ಹೋಗಲಿಲ್ಲ. ಹೋದದ್ದು ಕೊಡೆ. ಬೀರೂರಿನಲ್ಲಿ ಗಾಡಿ ಬದಲಾಯಿಸುವಾಗ ನಮ್ಮವರಿಗೆ ಬೋಂಡದ ವಾಸನೆ ಬಂತಂತೆ. ಹುಡುಗಿಯ ಕೈ ಹಿಡಿದುಕೊಂಡು ಓಡಿದರು, ಕೊಡೆ ಸೀಟಿನಲ್ಲೇ ಉಳಿಯಿತು. ಬೈಯುವುದಾದರೆ ಅವರನ್ನು ಬೈ, ನನ್ನದೇನೂ ಅಡ್ಡಿಯಿಲ್ಲ.

ಆದರೆ ನಿನ್ನ ಮಗಳ ಕಥೆ ಕೇಳು. ನಮ್ಮ ಪಡಸಾಲೆ ಗೊತ್ತಲ್ಲ, ತುಂಬಾ ಸಿಂಗಟಗೆರೆಯಿಂದ ಬಂದ ಕೊಬ್ಬರಿ ಮೂಟೆ. ತಿಪಟೂರಿನ ಮಂಡಿಗೆ ಹೋಗುವ ತನಕ ಅವೇ ನಮಗೆ ಸೋಫಾ. ಬಂದವಳೇ ಒಂದು ಮೂಟೆಯ ಮೇಲೆ ಕೂತಳು. ಊಟಕ್ಕೆ ಕರೆದರೆ, "ಕೊಡೆ ಸಿಗ್ಲಿ ಚಿಕ್ಕವ್ವ, ಆಮೇಲೆ ಉಣ್ತೀನಿ" ಅಂದಳು. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. "ಲೇ, ಆ ಕೊಡೆ ಈಗ ಎಲ್ಲೋ ಊರೂರು ಸುತ್ತುತಾ ಇರ್ತದೆ. ಅದು ಬರೋ ಹೊತ್ಗೆ ನೀನು ಮುದ್ಕಿ ಆಗಿರ್ತೀಯ. ಬಾಯಿ ತೆಗಿಯೇ" ಅಂತ ನಾನೇ ಮುದ್ದೆ ಮುರಿದು ತಿನ್ನಿಸಿದೆ. ಪ್ರತಿ ತುತ್ತಿಗೂ ಬಾಗಿಲ ಕಡೆ ನೋಡುತ್ತಿದ್ದಳು, ನೀನು ಬಂದುಬಿಟ್ಟೀಯ ಅನ್ನುವಂತೆ.

ಅಕ್ಕಾ, ಸಿಟ್ಟಾಗಬೇಡ. ನನ್ನ ಮನೆಯಲ್ಲಿ ಕೊಡೆಗೂ ಮುದ್ದೆಗೂ ಸಂಬಂಧವಿಲ್ಲ. ಸಾಮಾನು ಜೋಪಾನ ಮಾಡುವುದನ್ನು ಬೇರೆ ಹೇಗಾದರೂ ಕಲಿಸೋಣ. ನೀನು ಮಲಗಿಕೋ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಕಾಶಿ


ಅಜ್ಜಂಪುರ
೧೮-೬-೧೯೭೮

ಕಾಶಿಗೆ,

ಏನೇ, ನಾನು ಮಲಗಿದ್ದೇನೆ ಅಂತ ನನ್ನ ಮಾತೂ ಮಲಗಿತೆಂದು ತಿಳಿದೆಯಾ? ಬೇರೆ ಹೇಗಾದರೂ ಕಲಿಸುತ್ತಾಳಂತೆ! ನಿನ್ನ ಅಡಿಗೆಮನೆಯಲ್ಲಿ ಸೌಟು ಹುಡುಕಲು ಒಬ್ಬ ಆಳು ಬೇಕು. ಸಣ್ಣವಳಿದ್ದಾಗ ನೀನು ಕಳೆದದ್ದನ್ನೆಲ್ಲ ಹುಡುಕಿ ಕೊಟ್ಟವಳು ನಾನು. ಅವ್ವನ ಓಲೆಗಾಗಿ ಬಾವಿಕಟ್ಟೆಯ ಕೆಸರು ಸೋಸಿದವಳು ನಾನು. ಆಗ ಅವ್ವ ನಿನಗೆ ಒಂದು ಹೊತ್ತು ಊಟ ತಪ್ಪಿಸಿದ್ದರೆ ನೀನು ಈಗ ಹೀಗಿರುತ್ತಿರಲಿಲ್ಲ.

ನೀನು ಹೆತ್ತು ಬೆಳೆಸಿದ್ದರೆ ಗೊತ್ತಾಗುತ್ತಿತ್ತು. ಮಕ್ಕಳಿಲ್ಲದವಳಿಗೆ ಮುದ್ದು ಮಾಡುವುದು ಸುಲಭ, ತಿದ್ದುವುದು ಎಲ್ಲಿಂದ ಬರಬೇಕು? ನನ್ನ ಮಗಳನ್ನು ನನ್ನ ಕಾನೂನಿನಂತೆಯೇ ನೋಡಿಕೋ.

ವಿಶಾಲಾಕ್ಷಿ


ಕಡೂರು
೨೨-೬-೧೯೭೮

ಅಕ್ಕನಿಗೆ,

ನಿನ್ನ ಮಗಳು, ನಿನ್ನ ಕಾನೂನು. ಇನ್ನು ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ಕಾಶಮ್ಮ


ಅಜ್ಜಂಪುರ
೧೨-೭-೧೯೭೮

ಕಾಶಿಗೆ,

ಎರಡು ಕಾಗದ ಹಾಕಿದೆ, ನಿನ್ನಿಂದ ಉತ್ತರವಿಲ್ಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಕತ್ತೆತ್ತುತ್ತೇನೆ. "ಅವನು ಪಕ್ಕದ ಮನೆಗೆ ಬಂದಿದ್ದು ಕಣವ್ವ, ನೀನು ಬಿದ್ಕೋ" ಅಂತ ಅತ್ತೆ ಗದರುತ್ತಾರೆ. ಸೂರಿನ ಜಂತೆಗಳನ್ನು ನೋಡಿ ನೋಡಿ ಸಾಕಾಗಿದೆ. ಎಡಕ್ಕೆ ಹೊರಳಿದರೆ ದಾಕ್ಷಿ ಶಾಲೆಗೆ ಹೋದಳೋ ಇಲ್ಲವೋ ಅಂತ ಯೋಚನೆ, ಬಲಕ್ಕೆ ಹೊರಳಿದರೆ ಹೊಟ್ಟೆಯಲ್ಲಿರುವುದು ಅಲ್ಲಾಡಿತೋ ಇಲ್ಲವೋ ಅಂತ.

ಕಾಶಿ, ಮಾತಿಗೆ ಮಾತು ಬಂತು, ಏನೋ ಬರೆದೆ. ದಾಕ್ಷಿ ಹೇಗಿದ್ದಾಳೆ ಅಂತ ಒಂದು ಸಾಲು ಹಾಕು.

ವಿಶಾಲಾಕ್ಷಿ


ಕಡೂರು
೧೮-೭-೧೯೭೮

ಪ್ರೀತಿಯ ಅವ್ವನಿಗೆ ದಾಕ್ಷಾಯಣಿ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮಗ್ಗಿ ಹದಿನಾರರವರೆಗೂ ಬರುತ್ತದೆ. ಲಂಗ ಇದೆ, ಟವೆಲ್ ಇದೆ, ಚಪ್ಪಲಿ ಎರಡೂ ಇವೆ, ರಬ್ಬರ್ ಇದೆ. ಶಾಲೆಯಲ್ಲಿ ಹಗ್ಗದಾಟ ಆಡುತ್ತಾರೆ. ನಾನು ಈಗ ಆಡುವುದಿಲ್ಲ. ಚಿಕ್ಕವ್ವ ಮೊದಲಿನ ಹಾಗೆ ನಗುವುದಿಲ್ಲ, ಆದರೆ ಬೈಯುವುದೂ ಇಲ್ಲ.

ಅವ್ವಾ, ಒಂದು ಮಾತು ಕೇಳುತ್ತೇನೆ, ಸುಮ್ಮನೆ ಕೇಳುವುದು. ಪೆನ್ಸಿಲ್ ಕಳೆದು, ಎಷ್ಟು ಹುಡುಕಿದರೂ ಸಿಗದೇ ಇದ್ದರೆ ಆಮೇಲೆ ಉಣ್ಣಬಹುದಾ? ಬೆಳ್ಳಿಯದಾದರೆ? ಲಿಂಗವಾದರೆ ಕೊಬ್ಬರಿ ಚೂರು, ಮಂಡಕ್ಕಿ ತಿನ್ನಬಹುದಾ? ಅದು ಊಟ ಅಲ್ಲವಲ್ಲ. ನೀನು ಹುಷಾರಾಗಿದ್ದೀಯಾ? ನಿಜವಾಗಿ ಬರೆ.

ಇಂತಿ ನಿನ್ನ ಮಗಳು,
ದಾಕ್ಷಿ


ಅಜ್ಜಂಪುರ
೨೨-೭-೧೯೭೮

ಚಿರಂಜೀವಿ ದಾಕ್ಷಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ನೋಡಿ ಎಷ್ಟು ಸಂತೋಷವಾಯಿತು ಗೊತ್ತಾ? ನಿಮ್ಮಪ್ಪನಿಂದ ಮೂರು ಸಲ ಓದಿಸಿದೆ. ಎಲ್ಲಾ ಸಾಮಾನೂ ಇದೆ ಅಂದೆಯಲ್ಲ, ಜಾಣೆ! ಈಗ ನನಗೆ ಸಮಾಧಾನ.

ನಿನ್ನ ಪ್ರಶ್ನೆ ಕೇಳಿ ನಿಮ್ಮಜ್ಜಿ ನಕ್ಕರು. "ಲಾಯರ್ ಆಗ್ತಾಳೆ ಕಣೇ ಇವಳು" ಅಂದರು. ಪೆನ್ಸಿಲ್ ಸಿಗದಿದ್ದರೆ ಒಂದು ಹೊತ್ತು ಊಟ ಬಿಟ್ಟು ಬುದ್ಧಿ ಕಲಿತರೆ ಸಾಕು. ಬೆಳ್ಳಿಯದಾದರೆ ಎರಡು ಹೊತ್ತು. ಲಿಂಗದ ಮಾತೇ ಬೇರೆ. ಅದು ಪ್ರಾಣ. ಅದು ಹೋದರೆ ಕೊಬ್ಬರಿ, ಮಂಡಕ್ಕಿ ಅನ್ನುವ ಲೆಕ್ಕವೆಲ್ಲ ಇಲ್ಲ, ಸಿಗುವ ತನಕ ನೀರೂ ಮುಟ್ಟಬಾರದು. ತಿಳಿಯಿತಾ? ನಾನು ಹುಷಾರಾಗಿದ್ದೇನೆ. ನೀನು ಜೋಪಾನವಾಗಿದ್ದರೆ ನಾನೂ ಜೋಪಾನ.

ನಿನ್ನ ಅವ್ವ


ಕಡೂರು
೩೦-೭-೧೯೭೮

ಅಕ್ಕನಿಗೆ,

ಇದನ್ನು ಇವರ ಕೈಯಲ್ಲೇ ಬೆಳಗಿನ ಗಾಡಿಗೆ ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದರೆ ಇವರು ಅರ್ಧ ಮರೆಯುತ್ತಾರೆ, ಇನ್ನರ್ಧ ನಿನ್ನ ಮುಖ ನೋಡಿ ನುಂಗುತ್ತಾರೆ. ಪೂರ್ತಿ ಓದು. ಓದುವಾಗ ಮಲಗಿರು.

ಮೊನ್ನೆ ದಾಕ್ಷಿ ಶಾಲೆಯ ಪ್ರಾರ್ಥನೆಯಲ್ಲಿ ನಿಂತಲ್ಲೇ ಬಿದ್ದಳು. ಟೀಚರ್ ಅಂಬಮ್ಮನವರು ಎತ್ತಿಕೊಂಡು ಬಂದರು. "ಏನ್ರೀ ಕಾಶಮ್ಮ, ಹುಡ್ಗಿ ಹೂವಿನಷ್ಟು ಹಗುರ ಆಗವ್ಳೆ, ನಿಮ್ ಮನೇಲಿ ಅನ್ನ ಹಾಕಲ್ವೇನ್ರೀ?" ಅಂತ ಬೀದಿಯವರ ಮುಂದೆಯೇ ಕೇಳಿದರು. ನಾನು ತಲೆ ತಗ್ಗಿಸಿ ನಿಂತೆ. ಯಾಕೆಂದರೆ ಅವಳ ತಟ್ಟೆಯನ್ನು ನಾನು ನೋಡಿರಲಿಲ್ಲ. ಬಡಿಸಿ ಎದ್ದು ಹೋಗುತ್ತಿದ್ದೆ. ಮಧ್ಯೆ ಬಾಯಿ ಹಾಕುವುದಿಲ್ಲ ಅಂತ ನಿನಗೆ ಬರೆದಿದ್ದೆನಲ್ಲ, ಆ ಹಟ. ಅವಳು ಮುದ್ದೆಯನ್ನು ಲಂಗದಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಿಲ ನಾಯಿಗೆ ಹಾಕುತ್ತಿದ್ದಳು.

ಮೈ ಒರೆಸಲು ರವಿಕೆ ಸಡಿಲಿಸಿದಾಗ ಕತ್ತಿನಲ್ಲಿ ಕರಡಿಗೆಯ ಬದಲು ಒಂದು ಬಟ್ಟೆಯ ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ಒಳಗೆ ಗಜ್ಜುಗ. ಹುಡುಗಿಯರು ಆಡುತ್ತಾರಲ್ಲ, ಆ ಬೂದು ಬಣ್ಣದ ಕಾಯಿ! "ಲಿಂಗ ಎಲ್ಲೇ?" ಅಂದೆ. ಆಗ ಬಾಯಿ ಬಿಟ್ಟಳು. ಹಗ್ಗ ಹಾರುವಾಗ ಶಿವದಾರ ಹರಿದೀತು ಅಂತ ಹೆದರಿ, ಶಾಲೆಗೆ ಹೋಗುವ ಮುಂಚೆ ಕರಡಿಗೆ ತೆಗೆದು ಕೊಬ್ಬರಿ ಮೂಟೆಯ ಹೊಲಿಗೆಯ ಸಂದಿಯಲ್ಲಿ ಜೋಪಾನವಾಗಿ ತುರುಕಿಟ್ಟಳಂತೆ. ಮೈಮೇಲಿಂದ ಅದನ್ನು ತೆಗೆಯಲೇಬಾರದು ಅಂತ ಮಗುವಿಗೆ ತೋಚಲಿಲ್ಲ, ಕಳೆಯಬಾರದು ಅನ್ನುವುದೊಂದೇ ತಲೆಯಲ್ಲಿ. ಸಂಜೆ ಬಂದು ನೋಡಿದರೆ ಮೂಟೆಗಳು ಲಾರಿ ಹತ್ತಿ ಹೋಗಿದ್ದವು.

ಅಂದಿನಿಂದ ಅವಳು ಊಟ ಮಾಡಿಲ್ಲ. ಕೊಬ್ಬರಿ ಚೂರು, ಮಂಡಕ್ಕಿ ತಿಂದು ಓಡಾಡಿಕೊಂಡಿದ್ದಳು. ನಿನ್ನ ಕಾಗದ ಬಂದ ಮೇಲೆ ಅದನ್ನೂ ಬಿಟ್ಟಳು. ಆ ಕಾಗದ ಅವಳ ದಿಂಬಿನ ಕೆಳಗಿತ್ತು, ಓದಿದೆ. ನೀರೂ ಮುಟ್ಟಬಾರದು ಅಂತ ಬರೆದಿದ್ದೀಯಲ್ಲೇ, ಅಯ್ಯೋ ಶಿವನೇ!

ಡಾಕ್ಟರು ಗ್ಲೂಕೋಸ್ ಏರಿಸಿ, "ಇನ್ನು ಬಾಯಲ್ಲಿ ಇಳೀಬೇಕು, ಇಲ್ದಿದ್ರೆ ಶಿವಮೊಗ್ಗಕ್ಕೆ ಕರ್ಕೊಂಡೋಗಿ" ಅಂದಿದ್ದಾರೆ. ಇವರು ತಿಪಟೂರಿಗೆ ಹೋಗಿ ಬಂದರು. ಮೂಟೆಗಳನ್ನು ಯಾವಾಗಲೋ ಸುರಿದಿದ್ದಾರೆ, ಚೀಲ ಎಲ್ಲಿಗೋ ಹೋಗಿವೆ. ಕರಡಿಗೆ ಇನ್ನು ಸಿಗುವುದಿಲ್ಲ. ನಮ್ಮ ಕೇರಿಯ ಅಯ್ಯನವರು ಹೊಸ ಲಿಂಗ ತಂದು ಕೂತರು. ಅವಳು ಕತ್ತು ಕೊಡಲಿಲ್ಲ. ಗಂಜಿ ಹಿಡಿದರೆ ಹಲ್ಲು ಕಚ್ಚುತ್ತಾಳೆ. "ಅವ್ವ ಹೇಳವ್ಳೆ. ಅವ್ವ ಸತ್ತೋಗ್ತಾಳೆ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಮಾತು ಅವಳು ಯಾಕೆ ಕೇಳಬೇಕು, ನಾನೇನು ಹೆತ್ತವಳೇ?

ನಿನ್ನ ಕಾನೂನನ್ನು ನೀನೇ ಬಂದು ತೆಗೆ. ಬರಲಾಗದಿದ್ದರೆ ಬರೆದು ತೆಗೆ. ಇವತ್ತೇ.

ಕಾಶಿ


ಅಜ್ಜಂಪುರ
೩೦-೭-೧೯೭೮

ನನ್ನ ದಾಕ್ಷಿಗೆ,

ಅಪ್ಪ ಈ ಕಾಗದ ತರುತ್ತಿದ್ದಾರೆ. ಚಿಕ್ಕವ್ವ ಓದುತ್ತಾಳೆ, ನೀನು ಮಲಗಿಕೊಂಡೇ ಕೇಳು. ಅಕ್ಷರ ನೋಡು, ನನ್ನದೇ.

ನಾನು ಸತ್ತಿಲ್ಲ. ಕರಡಿಗೆ ಹೋದದ್ದು ಗೊತ್ತಾದ ಮೇಲೂ ಸತ್ತಿಲ್ಲ. ಅದು ಹೋಗಿ ಎಷ್ಟು ದಿನವಾಯಿತೋ ಅಷ್ಟು ದಿನವೂ ನಾನು ಇಲ್ಲಿ ನಿನ್ನಜ್ಜಿಯ ಜೊತೆ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆ. ಕರಡಿಗೆ ಹೋದರೆ ಅವ್ವ ಸಾಯುತ್ತಾಳೆ ಅನ್ನುವುದು ಸುಳ್ಳು. ಅದನ್ನು ಹೇಳಿದವಳು ನಾನು, ಸುಳ್ಳು ಅಂತ ಹೇಳುತ್ತಿರುವವಳೂ ನಾನೇ.

ನಾನೇ ಬರಬೇಕೆಂದು ಎದ್ದೆ. ಬಾಗಿಲ ತನಕ ಬಂದೆ, ಆಗಲಿಲ್ಲ. ಆಮೇಲೆ ನಿನಗೆ ಲಿಂಗ ಕಟ್ಟಿದ ಅಯ್ಯನವರನ್ನೇ ಕರೆಸಿದೆ. ಅವರು ಏನಂದರು ಗೊತ್ತಾ? "ಕಳ್ಕೊಂಡ ಮಗೂಗೆ ಇನ್ನೊಂದು ಕಟ್ಟೋಕೇ ಅಲ್ವೇನವ್ವ ನಾವಿರೋದು? ಎಳೇ ಮಗೂನ ಉಪವಾಸ ಕೆಡವು ಅಂತ ನಿಂಗ್ಯಾರು ಹೇಳಿದ್ರು?" ಯಾರೂ ಹೇಳಿರಲಿಲ್ಲ ಮಗಳೇ. ಶಿವನೂ ಹೇಳಲಿಲ್ಲ, ಅಯ್ಯನವರೂ ಹೇಳಲಿಲ್ಲ. ನಿನಗೆ ಹೆದರಿಕೆ ಇರಲಿ ಅಂತ ನಾನೇ ಕಟ್ಟಿ ಹೇಳಿದ್ದು. ದಾರ ಹರಿದೀತು ಅಂತ ನೀನು ಜೋಪಾನ ಮಾಡಲು ಹೋದೆ. ಅಷ್ಟೊಂದು ಹೆದರಿದ ಕೈಯಲ್ಲಿ ಯಾವ ಸಾಮಾನು ನಿಲ್ಲುತ್ತದೆ?

ಈ ಕಾಗದಕ್ಕೆ ಕೂರುವ ಮುಂಚೆ ನಾನು ಉಂಡೆ. "ಮಗು ಅಲ್ಲಿ ಹಂಗೆ ಬಿದ್ದೈತೆ, ನೀನೆಂಗೆ ಉಣ್ತೀಯೇ?" ಅಂತ ನಿನ್ನಜ್ಜಿ ಕಣ್ಣೀರು ಹಾಕಿದರು. ಇನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗಾಗಿಯೂ ಯಾವುದಕ್ಕಾಗಿಯೂ ಊಟ ಬಿಡುವುದಿಲ್ಲ ಅಂತ ಅವರಿಗೂ ಹೇಳಿದೆ, ಅವರಿಗೂ ಬಡಿಸಿದೆವು.

ಹಳೆಯ ಕಾನೂನು ತೆಗೆದುಹಾಕಿದ್ದೇನೆ. ಏನಾದರೂ ಕಳೆದರೆ ಮೊದಲು ಬಂದು ಹೇಳು. ಆಮೇಲೆ ಉಣ್ಣು. ಉಂಡ ಮೇಲೆ ಎಲ್ಲರೂ ಸೇರಿ ಹುಡುಕೋಣ, ಸಿಕ್ಕರೆ ಸಿಕ್ಕಿತು. ಈಗ ಅಯ್ಯನವರಿಗೆ ಕತ್ತು ಕೊಡು. ಚಿಕ್ಕವ್ವ ಗಂಜಿ ಕೊಟ್ಟರೆ ನಾನೇ ಕೊಟ್ಟಂತೆ. ಅವಳೂ ನಿನ್ನ ಅವ್ವನೇ. ಈ ಸಾಲನ್ನು ಅವಳು ಓದದೆ ನುಂಗಿದರೆ, ಬಿಟ್ಟದ್ದೇನು ಅಂತ ಕೇಳಿ ಓದಿಸು.

ನಿನ್ನ ಅವ್ವ


ಕಡೂರು
೧-೮-೧೯೭೮

ಅಕ್ಕನಿಗೆ,

ಕುಡಿದಳು. ಮೊದಲು ಅದನ್ನು ಬರೆಯುತ್ತೇನೆ, ನೀನು ಉಸಿರು ಬಿಡು.

ನಾನು ಓದುತ್ತಾ ಹೋದೆ, ಅವಳು ಸೂರು ನೋಡುತ್ತಾ ಕೇಳಿದಳು. ಕೊನೆಗೆ ಆ ಸಾಲು ಬಂದಾಗ ಹಾರಿಸಿಬಿಟ್ಟೆ. "ಅಲ್ಲಿ ಏನೋ ಬಿಟ್ಟೆ ಚಿಕ್ಕವ್ವ" ಅಂದಳು! ಓದಿದೆ. ಓದಿದ ಮೇಲೆ ಭಾವನ ಕಡೆ ತಿರುಗಿ, "ಅಪ್ಪಾ, ಅವ್ವ ದಿಟವಾಗ್ಲೂ ಉಂಡ್ಳಾ?" ಅಂದಳು. "ನಾನೇ ನೋಡಿದೀನಿ ಕಣಮ್ಮ, ಎರಡು ಮುದ್ದೆ ಮುರಿದ್ಲು" ಅಂದರು ಭಾವ. ನೀನು ಎರಡು ಮುದ್ದೆ ಉಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಆದರೂ ಬದುಕಿದೆ ಬಡಜೀವ ಅನ್ನಿಸಿತು. ಲೋಟ ಎತ್ತಿದೆ, ಬಾಯಿ ತೆರೆದಳು. ಬೆಳಿಗ್ಗೆ ಅಯ್ಯನವರು ಹೊಸ ಲಿಂಗ ಕಟ್ಟಿದರು.

ಜೂನ್ ತಿಂಗಳಲ್ಲಿ ನೀನು ಬರೆದ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಆ ಸಿಟ್ಟಿನಲ್ಲಿ ನಾನು ಮಗುವಿನ ತಟ್ಟೆ ನೋಡದೆ ಹೋದೆ. ಅದನ್ನೂ ಮರೆಯುವುದಿಲ್ಲ. ಇಬ್ಬರ ಲೆಕ್ಕವೂ ಇಲ್ಲಿಗೆ ಮುಗಿಯಲಿ.

ಒಂದೇ ಯೋಚನೆ. ಮೈ ಸುಧಾರಿಸುತ್ತದೆ, ಹೆದರಿಕೆ ಹೋಗಿಲ್ಲ. ಗಳಿಗೆಗೊಂದು ಸಲ ಕತ್ತು ಮುಟ್ಟಿ ನೋಡಿಕೊಳ್ಳುತ್ತಾಳೆ. ಪೆನ್ಸಿಲ್ ಕೆಳಗೆ ಬಿದ್ದರೂ ಬೆಚ್ಚುತ್ತಾಳೆ.

ಕಾಶಿ


ಅಜ್ಜಂಪುರ
೨೬-೯-೧೯೭೮

ಕಾಶಿಗೆ,

ಡಾಕ್ಟರಮ್ಮ ಬಂದು ನೋಡಿ, ಮಗು ಚೆನ್ನಾಗಿದೆ ಅಂದರು. ನನ್ನ ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ.

ದಾಕ್ಷಿ ಅಂದಿನಿಂದ ಒಂದು ಸಾಮಾನನ್ನೂ ಕಳೆದಿಲ್ಲ ಅಂತ ಬರೆದಿದ್ದೀಯ. ಮೊದಲಾಗಿದ್ದರೆ ಕೇರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ. ಈಗ ಓದಿದರೆ ಭಯವಾಗುತ್ತದೆ. ಅಷ್ಟು ಸಣ್ಣ ಹುಡುಗಿ ಒಂದು ರಬ್ಬರನ್ನಾದರೂ ಕಳೆಯಬೇಡವೇನೇ? ಅಥವಾ ಕಳೆದು ಮತ್ತೆ ಮುಚ್ಚಿಡುತ್ತಿದ್ದಾಳೋ? ನೀನು ಪಕ್ಕದಲ್ಲೇ ಕೂತು ಉಣ್ಣಿಸುತ್ತಿದ್ದೀಯ ತಾನೇ? ಹೆದರಿಸಿದ್ದು ಒಂದು ಮಾತಿನಲ್ಲಿ ಆಯಿತು, ಹೆದರಿಕೆ ಬಿಡಿಸುವುದು ಹೇಗೆ ಅಂತ ನನಗೆ ಗೊತ್ತಾಗುತ್ತಿಲ್ಲ. ನಿನಗೆ ಗೊತ್ತಿದ್ದರೆ ಹೇಳಿಕೊಡು.

ವಿಶಾಲಾಕ್ಷಿ


ಕಡೂರು
೨೯-೧೧-೧೯೭೮

ಪ್ರೀತಿಯ ಅವ್ವನಿಗೆ ದಾಕ್ಷಿ ಮಾಡುವ ನಮಸ್ಕಾರಗಳು.

ತಮ್ಮ ಹುಟ್ಟಿದ ಸುದ್ದಿ ಬಂದಾಗ ಚಿಕ್ಕವ್ವ ಬೀದಿಗೆಲ್ಲ ಸಕ್ಕರೆ ಹಂಚಿ, ಡಬ್ಬಿಯನ್ನು ಯಾರ ಮನೆಯಲ್ಲೋ ಬಿಟ್ಟು ಬಂದಳು. ನಾನೇ ಹೋಗಿ ತಂದೆ. ತಮ್ಮನಿಗೆ ಕೂದಲು ಇದೆಯಾ? ನಿನ್ನ ಹಾಗಿದ್ದಾನಾ, ಅಪ್ಪನ ಹಾಗಾ?

ಅವ್ವಾ, ನೀನು ಮಲಗಿಕೊಂಡೇ ಹೆಣೆದು ಕಳಿಸಿದ್ದೆಯಲ್ಲ ಹಸಿರು ಸ್ವೆಟರ್, ಅದು ಕಳೆದುಹೋಯಿತು. ಶಾಲೆಯಿಂದ ಅಮೃತಾಪುರದ ದೇವಸ್ಥಾನ ನೋಡಲು ಕರೆದುಕೊಂಡು ಹೋಗಿದ್ದರು. ಬಿಸಿಲು ಬಂತು, ಬಿಚ್ಚಿ ಜಗಲಿಯ ಮೇಲೆ ಇಟ್ಟು ಆಟಕ್ಕೆ ಹೋದೆ. ಬಸ್ಸು ತರೀಕೆರೆಗೆ ಬಂದ ಮೇಲೆ ನೆನಪಾಯಿತು. ಅಂಬಮ್ಮ ಟೀಚರಿಗೆ ಅಲ್ಲೇ ಹೇಳಿದೆ. ಮನೆಗೆ ಬಂದು ಚಿಕ್ಕವ್ವನಿಗೆ ಹೇಳಿದೆ. ಹೇಳುವಾಗ ಅಳು ಬಂತು. ಆಮೇಲೆ ಉಂಡೆ. ಉಂಡ ಮೇಲೆ, ಯಾರಾದರೂ ಎತ್ತಿ ಚೀಲಕ್ಕೆ ಹಾಕಿರಬಹುದು ಅಂತ ಚಿಕ್ಕವ್ವ, ಚಿಕ್ಕಪ್ಪ, ನಾನು ಮೂವರೂ ಚೀಲವನ್ನೆಲ್ಲ ಸುರುವಿ ಹುಡುಕಿದೆವು. ಸಿಗಲಿಲ್ಲ.

ನಿನಗೆ ಕೋಪ ಬಂದಿದ್ದರೆ ಬರೆ, ಬೈದರೂ ಬೈ. ನಿನ್ನ ಕಾಗದ ಬರುವ ತನಕ ನಾನು ಉಣ್ಣುತ್ತಲೇ ಇರುತ್ತೇನೆ.

ನಿನ್ನ ಮಗಳು,
ದಾಕ್ಷಿ